ಅಲ್ಲಿ ನಮ್ಮವರಿದ್ದಾರೆ

ನಮ್ಮ ಮನೆ ಇದ್ದದ್ದು ಇಂಗ್ಲೆಂಡಿನಲ್ಲಿ. ನಗಬೇಡಿ. ದುಬೈನ ಇಂಟರ್‌ನ್ಯಾಷನಲ್ ಸಿಟಿಯ ಬಾಡಿಗೆ ಕಟ್ಟಡಗಳನ್ನು ದೇಶಗಳ ಹೆಸರಿನಲ್ಲಿ ಗುಂಪು ಮಾಡಿದ್ದಾರೆ. ನಮ್ಮದು ಇಂಗ್ಲೆಂಡ್ ಗುಂಪಿನಲ್ಲಿ ಮೂರನೇ ಮಹಡಿಯ ಮನೆ. ಸ್ವಲ್ಪ ದೂರ ನಡೆದರೆ ಫ್ರಾನ್ಸ್. ಫ್ರಾನ್ಸಿನಲ್ಲಿ ಕೇರಳದವರ ಒಂದು ಗ್ರೋಸರಿ ಇತ್ತು. ಅಲ್ಲಿಂದ ಖುಬೂಸ್ ರೊಟ್ಟಿ ತರಲು ಮಮ್ಮಿ ತಮ್ಮನನ್ನು ಕಳಿಸುತ್ತಿದ್ದರು. ಅವನು ನನಗಿಂತ ಮೂರು ವರ್ಷ ಚಿಕ್ಕವನು. ನಾನು ಇಂಗ್ಲೆಂಡಿನ ಬಾಲ್ಕನಿಯಲ್ಲಿ ನಿಂತು ಅವನು ಫ್ರಾನ್ಸಿಗೆ ಹೋಗಿ ಬರುವುದನ್ನು ಕಾಯುತ್ತಿದ್ದೆ. ಅವನು ದಾರಿಯಲ್ಲಿ ಅರ್ಧ ರೊಟ್ಟಿ ಹರಿದು ತಿಂದು ಬರುತ್ತಿದ್ದ. ನನಗೆ ಮೈ ಉರಿಯುತ್ತಿದ್ದದ್ದು ರೊಟ್ಟಿಗಾಗಿ ಅಲ್ಲ.

ನಾಲ್ಕನೇ ಕ್ಲಾಸಿನವರೆಗೆ ನಾನು ಮಂಗಳೂರಿನಲ್ಲಿ ಅಜ್ಜಿಯ ಹತ್ತಿರ ಇದ್ದು ಕನ್ನಡ ಶಾಲೆಯಲ್ಲಿ ಓದಿದವಳು. ಶಾಲೆಗೆ ನಡೆದೇ ಹೋಗುತ್ತಿದ್ದೆ. ಯಾರ ಮನೆಯ ನಾಯಿ ಕಟ್ಟಿದೆ, ಯಾರದು ಬಿಟ್ಟಿದೆ ಎಂದು ನನಗೆ ತಿಳಿದಿತ್ತು. ಐದನೇ ಕ್ಲಾಸಿಗೆ ದುಬೈಗೆ ಬಂದ ಮೇಲೆ ನಡಿಗೆ ನಿಂತಿತು. ಊದ್ ಮೇಥಾದ ಶಾಲೆಗೆ ಬಸ್ಸು. ಮಕ್ಕಳನ್ನು ಇಳಿಸಿಕೊಡಲು ಬಸ್ಸಿನಲ್ಲಿ ಒಬ್ಬ ಹೆಂಗಸು ಇರುತ್ತಿದ್ದಳು. ಕಟ್ಟಡದ ಕೆಳಗೆ ಮನೆಯವರು ಯಾರಾದರೂ ನಿಂತಿರದಿದ್ದರೆ ಅವಳು ನಮ್ಮನ್ನು ಇಳಿಸುತ್ತಲೇ ಇರಲಿಲ್ಲ. ದೇರಾದ ಕ್ಲಿನಿಕ್ಕಿನಲ್ಲಿ ನರ್ಸ್ ಆಗಿದ್ದ ಮಮ್ಮಿಗೆ ಡ್ಯೂಟಿ ಬಿಡುವುದು ತಡವಾದ ದಿನ ನಾನು ರಷ್ಯಾ, ಚೀನಾ, ಮೊರಾಕೊ ಎಲ್ಲ ಸುತ್ತಿ ಮತ್ತೆ ಇಂಗ್ಲೆಂಡಿಗೆ ಬರುತ್ತಿದ್ದೆ. ಚಿಕ್ಕ ಮಕ್ಕಳಿಗೆ ಅದು ಸರಿ. ನನಗೆ ಕಾಲೇಜಿಗೆ ಬಂದ ಮೇಲೂ ಅದೇ ಆಯಿತು. ಬಿಡುವವರು ಒಬ್ಬರು, ಕರೆದುಕೊಂಡು ಬರುವವರು ಒಬ್ಬರು. ತಮ್ಮ ಮಾತ್ರ ಹದಿನೈದಕ್ಕೇ ಮೆಟ್ರೋ ಕಾರ್ಡು ಕಿಸೆಗೆ ಹಾಕಿಕೊಂಡು ಎಲ್ಲೆಂದರಲ್ಲಿ ತಿರುಗಿದ.

ಹೀಗಾಗಿ ನನಗೆ ಒಂದೇ ಒಂದು ಆಸೆ ಬೆಳೆಯಿತು. ಯಾರೂ ಕಾಯುತ್ತಿರದ ಒಂದು ನಿಲ್ದಾಣದಲ್ಲಿ ಇಳಿಯಬೇಕು. ಅಷ್ಟೇ. ಐಫೆಲ್ ಗೋಪುರ, ಹಿಮ, ಮ್ಯೂಸಿಯಂ ಎಲ್ಲ ಅದರ ಮೇಲಿನ ಒಗ್ಗರಣೆ. ಬಸ್ಸಿನಿಂದ ಇಳಿದು, ಬ್ಯಾಗು ಹೆಗಲಿಗೇರಿಸಿ, ಎಡಕ್ಕೋ ಬಲಕ್ಕೋ ಎಂದು ನಾನೇ ತೀರ್ಮಾನಿಸಬೇಕು. 

ಡಿಗ್ರಿಯ ಕೊನೆಯ ವರ್ಷದ ಚಳಿಗಾಲದ ರಜೆಗೆ ಇಂಗ್ಲೆಂಡ್, ಫ್ರಾನ್ಸ್, ಇಟಲಿ ಎಂದು ನಾನು ಯೋಜನೆ ಹಾಕಿದ್ದು ಇದಕ್ಕೆ. ದುಡ್ಡು ನನ್ನದೇ. ವಾರಾಂತ್ಯಗಳಲ್ಲಿ ವ್ಯಾಪಾರ ಮೇಳಗಳಲ್ಲಿ ಹೈ ಹೀಲ್ಸ್ ಹಾಕಿಕೊಂಡು, ಯಾರದೋ ಏರ್ ಕಂಡೀಷನರ್‌ನ ಕರಪತ್ರ ಹಂಚುತ್ತ, ಮುಖ ಸೆಳೆತ ಬರುವವರೆಗೆ ನಕ್ಕು ಸಂಪಾದಿಸಿದ್ದು. ಅತಿ ಅಗ್ಗದ ವಿಮಾನ, ದೂರದ ಬಸ್ಸುಗಳು, ಒಂದು ಕೋಣೆಯಲ್ಲಿ ಎಂಟು ಮಂಚ ಇರುವ ಹಾಸ್ಟೆಲ್‌ಗಳು, ಸೂಪರ್ ಮಾರ್ಕೆಟಿನ ಬ್ರೆಡ್ಡು. ಹೆಂಗಸರಿಗೆ ಮಾತ್ರ ಇರುವ ಕೋಣೆಗಳನ್ನೇ ಹುಡುಕಿ ಕಾದಿರಿಸಿದ್ದೆ. ಎಲ್ಲ ಸಿದ್ಧವಾದ ಮೇಲೆ ಒಂದು ಸಂಜೆ ಊಟದ ಮೇಜಿನ ಮೇಲೆ ಹರಡಿ ತೋರಿಸಿದೆ.

ದುಬೈಯಲ್ಲಿ ನನ್ನ ವೀಸಾ ಡ್ಯಾಡಿಯ ಹೆಸರಿನ ಮೇಲೆ ಇತ್ತು. ಅವರು ನನ್ನ ಸ್ಪಾನ್ಸರ್. ಬೇರೆ ದೇಶದ ವೀಸಾ ಕೇಳಲು ಹೋದರೆ, ಮಗಳು ಹೋಗುವುದಕ್ಕೆ ನನ್ನ ಅಡ್ಡಿಯಿಲ್ಲ ಎಂದು ಅವರು ಬರೆದುಕೊಡಬೇಕು. ಡ್ಯಾಡಿ ಹೋಟೆಲೊಂದರ ಲಾಂಡ್ರಿಯಲ್ಲಿ ಸೂಪರ್‌ವೈಸರ್. ಮಾತು ಕಡಿಮೆ. ಪೆನ್ನು ತೆಗೆದರು. ಮಮ್ಮಿ ಪೆನ್ನು ಕಸಿದುಕೊಂಡರು.

"ಎಂತ ಇದು ಹಾಸ್ಟೆಲು? ಯಾರ್ಯಾರೋ ಮಲಗಿದ ಹಾಸಿಗೆ! ಒಬ್ಬಳೇ ಹೆಣ್ಣು ಹುಡುಗಿ!"

"ಮಮ್ಮಿ, ಎಲ್ರೂ ಹೀಗೇ ಹೋಗ್ತಾರೆ."

"ಎಲ್ರೂ ಹೋಗ್ಲಿ. ಲಂಡನ್ನಲ್ಲಿ ನಮ್ಮವರಿಲ್ವಾ? ರೋಮಲ್ಲಿ ನಮ್ಮವರಿಲ್ವಾ? ಇರುವಾಗ ಹಾಸ್ಟೆಲಿಗೆ ಯಾಕೆ ದುಡ್ಡು ಸುರಿಯುವುದು? ಅದೆಲ್ಲ ಕ್ಯಾನ್ಸಲ್ ಮಾಡು. ಆಮೇಲೆ ಡ್ಯಾಡಿ ಸೈನ್ ಹಾಕ್ತಾರೆ."

ಡ್ಯಾಡಿ ನನ್ನ ಮುಖ ನೋಡಿದರು, ಮಮ್ಮಿಯ ಮುಖ ನೋಡಿದರು, ಆಮೇಲೆ ಮೀನು ಸಾರಿನ ಬಟ್ಟಲು ನೋಡಿದರು. ನನಗೆ ಇಪ್ಪತ್ತೊಂದು ವರ್ಷ. ನಾನು ಎಲ್ಲಿ ಮಲಗಬೇಕು ಎಂಬುದು ಒಂದು ಪೆನ್ನಿನ ಮೇಲೆ ನಿಂತಿತ್ತು. ಸಿಟ್ಟು ನೆತ್ತಿಗೇರಿ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ. ಕೋಣೆ ತಮ್ಮನದೂ ಹೌದು. ಅವನು ಕಿವಿಗೆ ಹೆಡ್‌ಫೋನ್ ಹಾಕಿ ಆಟವಾಡುತ್ತಿದ್ದ. "ಜಸ್ಟ್ ಸೇ ಓಕೆ ಅಂಡ್ ಗೋ, ನಾ," ಎಂದ, ತಲೆ ಎತ್ತದೆ. ಅವನಿಗೆ ಎಲ್ಲವೂ ಅಷ್ಟು ಸುಲಭ.

ಹಾಸ್ಟೆಲ್‌ಗಳನ್ನು ರದ್ದು ಮಾಡಿದೆ. ಇಲ್ಲವಾದರೆ ಹೋಗುವುದೇ ಇಲ್ಲ.

ನಮ್ಮ ಜನಕ್ಕೆ ಒಂದು ಪದ್ಧತಿಯಿದೆ. ಗಲ್ಫಿನಲ್ಲಿ ಆಗ ಶುಕ್ರವಾರ ರಜೆ, ನಮಗೆ ಚರ್ಚಿನ ಭಾನುವಾರದ ಪೂಜೆಯೂ ಶುಕ್ರವಾರವೇ. ಊದ್ ಮೇಥಾದ ಇಗರ್ಜಿಯಲ್ಲಿ ಪೂಜೆ ಮುಗಿದ ಮೇಲೆ ಕೊಂಕಣಿ ಮಾತಾಡುವವರೆಲ್ಲ ಅಂಗಳದಲ್ಲಿ ನಿಲ್ಲುತ್ತಾರೆ. ಯಾರಿಗೆ ಕೆಲಸ ಹೋಯಿತು, ಯಾರ ಮಗಳಿಗೆ ಎಲ್ಲಿಂದ ಸಂಬಂಧ ಬಂತು, ಯಾರು ಯಾವ ದೇಶಕ್ಕೆ ಹೊರಟರು ಎಲ್ಲ ಅಲ್ಲಿ ತಿಳಿಯುತ್ತದೆ. ಹೊರಟವರು ಎಂದು ಗೊತ್ತಾದರೆ ಮುಗಿಯಿತು. ಅಲ್ಲಿ ನಮ್ಮವರಿದ್ದಾರೆ ಎಂದು ಯಾರಾದರೂ ಹೇಳುತ್ತಾರೆ, ನಮ್ಮವರಿಗೆ ಕೊಡಲು ಒಂದು ಕಟ್ಟು ಕೊಡುತ್ತಾರೆ. ಇಲ್ಲ ಎನ್ನುವ ಹಾಗಿಲ್ಲ. ನಾಳೆ ನಮಗೂ ಬೇಕಲ್ಲ!

ಮಮ್ಮಿ ಅಂಗಳದ ನಡುವೆ ನಿಂತು ಹರಾಜು ಹಾಕುವವರ ಹಾಗೆ ಕೇಳಿದರು. "ಪ್ಯಾರಿಸಲ್ಲಿ ನಮ್ಮವರು ಯಾರಾದ್ರೂ ಇದ್ದಾರಾ?"

"ಇದ್ದಾರಲ್ಲ! ನನ್ನ ನಾದಿನಿಯ ಅಕ್ಕ ಅಲ್ಲೇ ಇರುವುದು."

"ಸ್ವಿಂಡನ್ನಲ್ಲಿ ನಮ್ಮ ಅಣ್ಣನ ಫ್ಯಾಮಿಲಿ. ಲಂಡನ್ನಿಗೆ ಹತ್ತಿರ ಮಾರಾಯ್ತಿ. ಬಸ್ ಸ್ಟ್ಯಾಂಡಿಗೇ ಬರ್ತಾರೆ."

"ರೋಮಿಗೆ ಎಂತ ಚಿಂತೆ? ನಿಮ್ಮವರೇ ಸಿಸ್ಟರ್ ಇದ್ದಾರಲ್ಲ ಕಾನ್ವೆಂಟಲ್ಲಿ."

ಅರ್ಧ ಗಂಟೆಯೊಳಗೆ ನನ್ನ ಇಡೀ ಯುರೋಪ್ ಹಂಚಿಹೋಯಿತು. ಪ್ರತಿಯೊಂದು ನಿಲ್ದಾಣದಲ್ಲೂ ಒಬ್ಬೊಬ್ಬರು ನನ್ನನ್ನು ಇಳಿಸಿಕೊಳ್ಳಲು ನಿಂತಿರುತ್ತಾರೆ. ಶಾಲೆಯ ಬಸ್ಸು ಸಮುದ್ರ ದಾಟಿತು, ಅಷ್ಟೇ.

ಇನ್ನೂ ಒಂದು ಬಾಕಿ ಇತ್ತು. ಕೋಟು. ದುಬೈಯಲ್ಲಿ ದಪ್ಪ ಕೋಟನ್ನು ಯಾರು ಇಟ್ಟುಕೊಳ್ಳುತ್ತಾರೆ? ನಮ್ಮ ಇಗರ್ಜಿಯವರ ನಡುವೆ ಒಂದು ಕೋಟಿತ್ತು. ಕೆನಡಾಕ್ಕೆ ಹೋಗಿ ಚಳಿ ತಡೆಯದೆ ವಾಪಸು ಬಂದ ಒಬ್ಬ ಅಂಕಲ್ ತಂದದ್ದು. ಚಳಿ ದೇಶಕ್ಕೆ ಯಾರೇ ಹೊರಟರೂ ಅದೇ ಕೋಟು ಅವರ ಮನೆಗೆ ಬರುತ್ತಿತ್ತು. ಕಡು ನೀಲಿ, ಗಂಡಸರ ಅಳತೆ, ಮೊಣಕಾಲಿನ ಕೆಳಗಿನವರೆಗೆ. ಎರಡನೇ ಗುಂಡಿ ಬಿದ್ದು ಹೋದಾಗ ಯಾರೋ ಕೆಂಪು ಗುಂಡಿ ಹೊಲಿದಿದ್ದರು. ಮಮ್ಮಿ ಆ ಕೆಂಪು ಗುಂಡಿಯನ್ನೇ ಎಲ್ಲರಿಗೂ ಗುರುತು ಹೇಳಿದರು. "ಕೋಟು ನೋಡಿದ್ರೆ ಗೊತ್ತಾಗ್ತದೆ." ಹತ್ತು ಜನರ ಬೆವರಿನ ವಾಸನೆಯ ಆ ಕೋಟಿನೊಳಗೆ ನಾನು, ಬೆನ್ನಿಗೆ ಒಣಮೀನು, ಬಫಾತ್ ಮಸಾಲೆ ಪುಡಿ, ಕ್ರಿಸ್ಮಸ್ಸಿನ ಕುಸ್ವಾರ್ ತಿಂಡಿಯ ಕಟ್ಟುಗಳು. ನನ್ನ ಬಟ್ಟೆಗೆ ಉಳಿದದ್ದು ಬ್ಯಾಗಿನ ಮೇಲಿನ ಸಣ್ಣ ಜೇಬು. ಅಗ್ಗದ ವಿಮಾನದಲ್ಲಿ ಒಂದೇ ಬ್ಯಾಗಿಗೆ ಅನುಮತಿ. ಮಮ್ಮಿಯ ಲೆಕ್ಕದಲ್ಲಿ ಆ ಬ್ಯಾಗು ನನ್ನದಾಗಿರಲೇ ಇಲ್ಲ.

ಲಂಡನ್ನಿನ ಏರ್‌ಪೋರ್ಟಿನಿಂದ ನೇರ ಬಂದ ಬಸ್ಸು ಸ್ವಿಂಡನ್ನಿನಲ್ಲಿ ನಿಲ್ಲುವ ಮೊದಲೇ ಕಿಟಕಿಯಾಚೆ ಒಬ್ಬ ಅಂಕಲ್ ನನ್ನ ಕೋಟಿನತ್ತ ಕೈ ತೋರಿಸುತ್ತಿದ್ದರು. "ಈ ಕೋಟು ಹೋದ ವರ್ಷವೂ ಬಂದಿತ್ತು," ಎಂದು ಬ್ಯಾಗು ಕಸಿದುಕೊಂಡರು. ಒಳ್ಳೆಯ ಜನ. ಗಂಡ ಗೋದಾಮಿನಲ್ಲಿ, ಹೆಂಡತಿ ವೃದ್ಧಾಶ್ರಮದಲ್ಲಿ ದುಡಿಯುವವರು. ನಾನು ಹೊರಗೆ ಹೋಗುತ್ತೇನೆ ಎಂದರೆ ಆಂಟಿಗೆ ಅರ್ಥವೇ ಆಗುತ್ತಿರಲಿಲ್ಲ. "ಈ ಚಳಿಗೆ ಹೊರಗೆ ಎಂತ ಉಂಟು? ಬಿಸಿ ಬಿಸಿ ಊಟ ಮಾಡು." ಅವರ ಸೋಫಾದಲ್ಲಿ ಕೂತು ಮಂಗಳೂರಿನ ಮದುವೆಯೊಂದರ ಡಿವಿಡಿ ಮೊದಲಿನಿಂದ ಕೊನೆಯವರೆಗೆ ನೋಡಿದೆ. ಮದುಮಗಳಿಗೆ ರೋಸ್ ಶಾಸ್ತ್ರದಲ್ಲಿ ತೆಂಗಿನ ಹಾಲು ಸುರಿಯುವುದನ್ನು ಇಂಗ್ಲೆಂಡಿನಲ್ಲಿ ನೋಡಲು ನಾನು ಅಷ್ಟು ದೂರ ಹೋಗಿದ್ದೆ. ಕೊನೆಯ ದಿನ ಅಂಕಲ್ ರಜೆ ಹಾಕಿ ಕಾರಿನಲ್ಲಿ ಲಂಡನ್ ತೋರಿಸಿದರು. ಕಾರು ನಿಲ್ಲಿಸಲು ಜಾಗ ಸಿಗಲಿಲ್ಲ. ಲಂಡನ್ ನಾನು ಕಂಡದ್ದು ಹಿಂದಿನ ಸೀಟಿನ ಕಿಟಕಿಯಿಂದ. "ಅದು ನೋಡು, ಇದು ನೋಡು," ಎನ್ನುತ್ತಿದ್ದರು ಅಂಕಲ್. ನೋಡುವಷ್ಟರಲ್ಲಿ ಹಸಿರು ದೀಪ ಬರುತ್ತಿತ್ತು.

ಪ್ಯಾರಿಸಿನಲ್ಲಿ ಇನ್ನೂ ಕಷ್ಟವಾಯಿತು. ಅಲ್ಲಿಯ ಆಂಟಿ ಶ್ರೀಮಂತರ ಮನೆಯೊಂದರಲ್ಲಿ ಮಕ್ಕಳನ್ನು ನೋಡಿಕೊಳ್ಳುವವರು. ಅದೇ ಕಟ್ಟಡದ ಮೇಲ್ಛಾವಣಿಯ ಕೆಳಗಿನ ಒಂದು ಪುಟ್ಟ ಕೋಣೆ ಅವರದು. ಒಂದೇ ಮಂಚ. ಅದನ್ನು ನನಗೆ ಬಿಟ್ಟು ತಾವು ನೆಲದಲ್ಲಿ ಮಲಗಿದರು. ಒಣಮೀನಿನ ಕಟ್ಟು ಬಿಚ್ಚಿ ಮೂಸಿ ಅತ್ತೇ ಬಿಟ್ಟರು. ನಾನು ನಗರ ನೋಡಲು ಹೋಗುತ್ತೇನೆ ಎಂದಾಗ, ಕೆಲಸದ ಮನೆಯವರನ್ನು ಬೇಡಿ ಒಂದು ದಿನದ ರಜೆ ಪಡೆದು ನನ್ನ ಜೊತೆಗೇ ಬಂದರು. "ಒಬ್ಬಳನ್ನೇ ಬಿಟ್ಟೆ ಅಂತ ಆದ್ರೆ ನಿನ್ನ ಮಮ್ಮಿಗೆ ನಾನು ಎಂತ ಹೇಳ್ಲಿ?" ಅವರ ಕಾಲಿಗೆ ಬಾವು ಬಂದಿತ್ತು, ಪ್ರತಿ ಬೆಂಚಿನಲ್ಲೂ ಕೂರಬೇಕಾಗಿತ್ತು. ಅವರ ಮೇಲೆ ಸಿಟ್ಟು ಮಾಡುವುದಾದರೂ ಹೇಗೆ? ಸಿಟ್ಟು ಮಾಡಲಾಗದ ಸಿಟ್ಟು ಇದೆಯಲ್ಲ, ಅದು ಹೊಟ್ಟೆಯೊಳಗೇ ಹುಳಿಯುತ್ತದೆ. ಪಾಪ, ಆ ಹೆಂಗಸಿಗೆ ಸಿಕ್ಕಿದ್ದ ಒಂದು ದಿನದ ರಜೆಯನ್ನೂ ನನ್ನ ಮಮ್ಮಿ ದುಬೈಯಲ್ಲಿ ಕೂತು ತಿಂದುಹಾಕಿದ್ದರು.

ಪ್ಯಾರಿಸಿನಿಂದ ರೋಮಿಗೆ ಹೋಗುವ ಬಸ್ಸನ್ನು ದಾರಿಯಲ್ಲಿ ಲಿಯೋನ್ ಎಂಬ ಊರಿನಲ್ಲಿ ಬದಲಿಸಬೇಕಿತ್ತು. ಮಧ್ಯಾಹ್ನ ಇಳಿದು ಸಂಜೆ ಇನ್ನೊಂದು ಹತ್ತುವುದು. ಆಂಟಿಯ ನೆಲದ ಹಾಸಿಗೆ ನೋಡಿದ ಮೇಲೆ ನನ್ನ ತಲೆಯಲ್ಲಿ ಒಂದು ಹುಳ ಹೊಕ್ಕಿತು. ಆ ಸಂಜೆಯ ಟಿಕೆಟನ್ನು ಮರುದಿನಕ್ಕೆ ಬದಲಿಸಿ, ಲಿಯೋನ್‌ನ ಒಂದು ಹಾಸ್ಟೆಲ್‌ನಲ್ಲಿ ಮಂಚ ಹಿಡಿದೆ. ರೋಮಿನ ಸಿಸ್ಟರಿಗೆ ಒಂದು ದಿನ ತಡವಾಗುತ್ತದೆ ಎಂದು ಮೊದಲೇ ತಿಳಿಸಿದೆ, ಅವರು ಸುಮ್ಮನೆ ಬಂದು ಕಾಯಬಾರದಲ್ಲ. ಡ್ಯಾಡಿಗೆ ಮೆಸೇಜ್ ಹಾಕಿದೆ: ಲಿಯೋನ್‌ನಲ್ಲಿ ಒಂದು ದಿನ ಇರುತ್ತೇನೆ, ನಾನು ಚೆನ್ನಾಗಿದ್ದೇನೆ, ನಾಳೆ ಹೊರಡುತ್ತೇನೆ. ಕದ್ದು ಏನೂ ಮಾಡಲಿಲ್ಲ. ಅದನ್ನು ಇಲ್ಲಿ ಮತ್ತೊಮ್ಮೆ ಹೇಳುತ್ತೇನೆ, ಏಕೆಂದರೆ ನಮ್ಮ ಮನೆಯಲ್ಲಿ ಇವತ್ತಿಗೂ ಅದನ್ನು ನಾನು ಓಡಿಹೋದದ್ದು ಎಂದೇ ಹೇಳುತ್ತಾರೆ.

ಬಸ್ಸು ನಿಂತಿತು. ಎಲ್ಲರೂ ಇಳಿದರು. ಒಬ್ಬಳು ಹುಡುಗಿಯನ್ನು ಅವಳ ಗೆಳೆಯ ಎತ್ತಿ ತಿರುಗಿಸಿದ. ಒಬ್ಬ ಮುದುಕನನ್ನು ಮೊಮ್ಮಕ್ಕಳು ಸುತ್ತಿಕೊಂಡರು. ನಾನು ಇಳಿದೆ. ನನ್ನನ್ನು ಯಾರೂ ನೋಡಲಿಲ್ಲ. ಕೆಂಪು ಗುಂಡಿಯನ್ನು ಯಾರೂ ಗುರುತಿಸಲಿಲ್ಲ. ನನಗೆ ಎಷ್ಟು ಖುಷಿಯಾಯಿತೆಂದರೆ ಕೋಟನ್ನೇ ಬಿಚ್ಚಿ ಕೈಯಲ್ಲಿ ಹಿಡಿದು ನಾಲ್ಕು ಹೆಜ್ಜೆ ನಡೆದೆ. ಚಳಿ ಎದೆಗೆ ಗುದ್ದಿತು. ತಕ್ಷಣ ಹಾಕಿಕೊಂಡೆ. ಎಡಕ್ಕೆ ಹೋಗಬೇಕಾ ಬಲಕ್ಕಾ ಗೊತ್ತಿರಲಿಲ್ಲ. ಎಡಕ್ಕೆ ಹೋದೆ. ಅದು ತಪ್ಪು ದಾರಿಯಾಗಿತ್ತು. ಬಹಳ ದೂರ ಹೋದ ಮೇಲೆ ಗೊತ್ತಾಯಿತು, ವಾಪಸು ಬಂದೆ. ಯಾರೂ ಬೈಯಲಿಲ್ಲ. ಒಂದು ನದಿ ಸಿಕ್ಕಿತು, ಅದರ ದಂಡೆಯಲ್ಲೇ ನಡೆದೆ. ಬೇಕರಿಯಲ್ಲಿ ಉದ್ದನೆಯ ಬ್ರೆಡ್ಡು ಕೊಂಡು, ಕಾಗದ ಹರಿದು, ದಾರಿಯಲ್ಲೇ ಅರ್ಧ ಮುರಿದು ತಿಂದೆ. ತಿನ್ನುವಾಗ ಫ್ರಾನ್ಸಿನಿಂದ ಖುಬೂಸ್ ತಿನ್ನುತ್ತ ಬರುವ ತಮ್ಮನ ನೆನಪಾಗಿ, ಸೇತುವೆಯ ಮೇಲೆ ಒಬ್ಬಳೇ ಗಟ್ಟಿಯಾಗಿ ನಕ್ಕೆ. ಎದುರಿನಿಂದ ಬರುತ್ತಿದ್ದವನು ಆಚೆ ಬದಿಗೆ ಸರಿದು ನಡೆದ.

ಹೆದರಿಕೆ ಆಗಲಿಲ್ಲವೇ ಎಂದು ಕೇಳಿದರೆ, ಆಯಿತು. ಕತ್ತಲೆ ಬೇಗ ಬಂತು, ಹಾಸ್ಟೆಲ್‌ನ ಬೀದಿ ಸಿಗಲಿಲ್ಲ. ಕೈ ಮರಗಟ್ಟಿತು. ಆದರೆ ಆ ಹೆದರಿಕೆ ಪೂರ್ತಿ ನನ್ನದಾಗಿತ್ತು, ನಾನೇ ಹೆದರಿ ನಾನೇ ಸುಧಾರಿಸಿಕೊಂಡೆ. ಒಂದು ಔಷಧಿ ಅಂಗಡಿಯವಳನ್ನು ಕೇಳಿ ದಾರಿ ಹಿಡಿದೆ.

ಹಾಸ್ಟೆಲ್‌ನ ಬಾಗಿಲಿನಲ್ಲಿರುವಾಗ ಫೋನು ಗುಂಯ್‌ಗುಟ್ಟಿತು. ಮಮ್ಮಿಯ ಮೆಸೇಜ್. "ಲಿಯೋನಲ್ಲಿ ಉಡುಪಿ ಕಡೆಯ ಒಬ್ಬರು ಫಾದರ್ ಓದ್ತಾ ಇದ್ದಾರಂತೆ. ನಿನ್ನ ನಂಬರ್ ಕೊಟ್ಟಿದ್ದೇನೆ. ಇದ್ದಲ್ಲಿಯೇ ಇರು, ಬರ್ತಾರೆ."

ತಲೆ ಕೆಟ್ಟು ಹೋಯಿತು. ಅಷ್ಟು ಹೊತ್ತಿನೊಳಗೆ! ದುಬೈಯಲ್ಲಿ ಅಂದು ಶುಕ್ರವಾರ ಕೂಡ ಆಗಿರಲಿಲ್ಲ. ಎಷ್ಟು ಮನೆಗೆ ಫೋನು ಹೋಗಿರಬೇಕು! ಯುರೋಪಿನ ನಕ್ಷೆಯಲ್ಲಿ ಕಣ್ಣು ಮುಚ್ಚಿ ಬೆರಳಿಟ್ಟರೂ ಅಲ್ಲಿ ನಮ್ಮವರೊಬ್ಬರು ಎದ್ದು ಬರುತ್ತಾರೆ. ನಾನು ಚೆನ್ನಾಗಿದ್ದೇನೆ, ಯಾರೂ ಬರುವುದು ಬೇಡ ಎಂದು ಬರೆದು ಫೋನು ಆಫ್ ಮಾಡಿದೆ. ಆ ಫಾದರ್ ಯಾರೋ, ನನಗೆ ಇವತ್ತಿಗೂ ಗೊತ್ತಿಲ್ಲ. ಅವರ ಓದು ಕೆಡಲಿಲ್ಲ ಎಂದುಕೊಳ್ಳುತ್ತೇನೆ.

ರೋಮಿನಲ್ಲಿ ಸಿಸ್ಟರ್ ಸ್ಟೇಷನ್ನಿಗೆ ಬಂದಿದ್ದರು. ನನ್ನನ್ನು ಕಂಡ ಕೂಡಲೇ ತಮ್ಮ ಫೋನಿನಲ್ಲಿ ದುಬೈಗೆ ಹಚ್ಚಿ ನನ್ನ ಕೈಗೆ ಕೊಟ್ಟರು. ಮಮ್ಮಿ ಬೈಯುತ್ತಾರೆ ಎಂದುಕೊಂಡಿದ್ದೆ, ಬೈಯಲಿಲ್ಲ. ಸ್ವರ ತಣ್ಣಗಿತ್ತು.

"ಒಬ್ಬಳೇ ಹೋಗ್ಬೇಕಿತ್ತಲ್ಲ ನಿನಗೆ? ಸರಿ. ಬರುವಾಗಲೂ ಒಬ್ಬಳೇ ಬಾ. ಏರ್‌ಪೋರ್ಟಿಗೆ ಯಾರೂ ಬರುದಿಲ್ಲ. ಖಲಾಸ್."

ಗಲ್ಫಿನವರಿಗೆ ಮಾತ್ರ ಇದು ಎಷ್ಟು ದೊಡ್ಡ ಶಿಕ್ಷೆ ಎಂದು ಅರ್ಥವಾದೀತು. ನಮ್ಮಲ್ಲಿ ವಿಮಾನದಿಂದ ಇಳಿದವರನ್ನು ಕರೆತರಲು ಮನೆಯವರು ಹೋಗದಿದ್ದರೆ ಸಂಬಂಧವೇ ಕಡಿದ ಹಾಗೆ. ಊರಿಂದ ಮೊದಲ ಸಲ ಬರುವ ಯಾರದೋ ಪರಿಚಯದವನಿಗೂ ಡ್ಯೂಟಿ ಬದಲಿಸಿಕೊಂಡು ಹೋಗಿ ನಿಲ್ಲುತ್ತೇವೆ. ಸಿಸ್ಟರ್ ನನ್ನ ಮುಖ ನೋಡಿ, ಅಳುತ್ತೇನೆಂದು ಎಣಿಸಿ ಬೆನ್ನು ತಟ್ಟಿದರು. ನನಗೆ ಒಳಗೊಳಗೇ ಹಬ್ಬ. ಅದರ ಕೆಳಗೆ ಸಿಟ್ಟೂ ಇತ್ತು. ನಾನು ಬೇಡಿ ಬೇಡಿ ಸಿಗದ್ದನ್ನು ಈಗ ದಂಡನೆ ಎಂದು ಕೊಡುತ್ತಿದ್ದಾರಲ್ಲ!

ದುಬೈಯಲ್ಲಿ ಇಳಿದಾಗ ಸಂಜೆ. ಹೊರಬಾಗಿಲಿನ ಕಂಬಿಯಾಚೆ ಹೂವು, ಬಲೂನು ಹಿಡಿದ ಜನ. ಅಭ್ಯಾಸಬಲದಿಂದ ಒಂದು ಸಲ ಎಲ್ಲ ಮುಖಗಳನ್ನೂ ನೋಡಿದೆ. ನಮ್ಮವರು ಯಾರೂ ಇರಲಿಲ್ಲ. ಎದೆ ಸ್ವಲ್ಪ ಖಾಲಿ ಎನ್ನಿಸಿತು, ಸುಳ್ಳು ಹೇಳುವುದಿಲ್ಲ. ಆಮೇಲೆ ಕೋಟನ್ನು ಮಡಚಿ ಕೈಗೆ ಹಾಕಿಕೊಂಡು, ಮೆಟ್ರೋದ ಹೆಂಗಸರ ಡಬ್ಬಿಯಲ್ಲಿ ಕೂತು ರಾಶಿದಿಯಾಕ್ಕೆ ಹೋದೆ. ಅಲ್ಲಿಂದ ಇಂಟರ್‌ನ್ಯಾಷನಲ್ ಸಿಟಿಯ ಬಸ್ಸು. ಹತ್ತು ವರ್ಷಕ್ಕೂ ಮೇಲೆ ಆ ಊರಲ್ಲಿದ್ದು ನಾನು ಒಬ್ಬಳೇ ಹತ್ತಿದ ಮೊದಲ ಬಸ್ಸು ಅದು. ಕೆಲಸ ಬಿಟ್ಟ ಜನ ಕಿಕ್ಕಿರಿದಿದ್ದರು, ಗಂಡಸರು ಹಿಂದೆ, ನಾವು ಮುಂದೆ. ಒಬ್ಬಳು ಫಿಲಿಪಿನೋ ಹೆಂಗಸು ನನ್ನ ಬ್ಯಾಗು ನೋಡಿ ಎದ್ದು ಸೀಟು ಕೊಡಲು ಬಂದಳು. ಬೇಡ ಎಂದೆ. ನಿಂತೇ ಹೋಗಬೇಕೆನ್ನಿಸಿತು. ಮುಂದಿನ ಗಾಜಿನಲ್ಲಿ ರಸ್ತೆ ಪೂರ್ತಿ ಕಾಣುತ್ತಿತ್ತು. ಪರ್ಷಿಯಾ ಬಂತು, ಫ್ರಾನ್ಸ್ ಬಂತು, ಇಂಗ್ಲೆಂಡಿನಲ್ಲಿ ಇಳಿದೆ. ನಿಲ್ದಾಣದಲ್ಲಿ ಯಾರೂ ಇರಲಿಲ್ಲ. ಆ ದಿನ ನಾನು ಗೆದ್ದೆ ಎಂದೇ ತಿಳಿದಿದ್ದೆ.

ಮಮ್ಮಿ ಬಾಗಿಲು ತೆರೆದು ನೇರ ಅಡುಗೆಮನೆಗೆ ಹೋದರು. ನಾನು ಬ್ಯಾಗು ಇಳಿಸಿ, ಕೋಟನ್ನು ಕುರ್ಚಿಯ ಮೇಲೆ ಎಸೆದು ಕೂತೆ. ಸ್ವಲ್ಪ ಹೊತ್ತಿಗೆ ಡ್ಯಾಡಿ ಬಂದರು, ಡ್ಯೂಟಿಯಿಂದ ಬಂದವರ ಹಾಗೆ ಚೀಲ ನೇತುಹಾಕಿದರು. ನನ್ನ ಕಾಲಿನ ಕಡೆ ನೋಡಿದರು.

"ಆ ಹೆಂಗಸು ಎದ್ದು ಸೀಟು ಕೊಟ್ಳಲ್ಲ ಪುತಾ, ಕೂತ್ಕೊಳ್ಬಾರ್ದಿತ್ತಾ? ಅಷ್ಟು ಭಾರ ಹೊತ್ತು ನಿಂತು ಬಂದಿಯಲ್ಲ."

ಅಡುಗೆಮನೆಯಿಂದ ಮಮ್ಮಿ ಸೌಟು ಹಿಡಿದುಕೊಂಡೇ ಬಂದರು, ಬೈದದ್ದು ನನಗಲ್ಲ.

"ಕಾಣದ ಹಾಗೆ ಬನ್ನಿ ಅಂತ ಹೇಳಿದ್ದೆ ಅಲ್ವಾ? ಬಂದ ಕೂಡ್ಲೇ ಬಾಯಿ ಬಿಟ್ರಾ! ಅಷ್ಟೂ ಆಗುದಿಲ್ವಾ ನಿಮಗೆ?"

ಡ್ಯಾಡಿ ವಿಮಾನ ನಿಲ್ದಾಣದಲ್ಲೇ ಇದ್ದರಂತೆ, ಒಂದು ಕಂಬದ ಹಿಂದೆ. ಮೆಟ್ರೋದಲ್ಲಿ ಪಕ್ಕದ ಡಬ್ಬಿಯಲ್ಲಿ. ಬಸ್ಸಿನಲ್ಲಿ ಹಿಂದೆ, ಗಂಡಸರ ನಡುವೆ ತಲೆ ತಗ್ಗಿಸಿಕೊಂಡು. ನಾನು ಇಳಿದ ಮೇಲೆ ಮುಂದಿನ ನಿಲ್ದಾಣದಲ್ಲಿ ಇಳಿದು ನಡೆದು ಬಂದಿದ್ದರು. ಕಳಿಸಿದ್ದು ಮಮ್ಮಿ. ಶಿಕ್ಷೆಯೂ ಸುಳ್ಳು.

ಇದನ್ನು ಹೇಳಿದಾಗ ಕೇಳಿದವರ ಕಣ್ಣು ತುಂಬುತ್ತದೆ. ಎಂಥ ತಂದೆತಾಯಿ, ನೀನು ಪುಣ್ಯ ಮಾಡಿದ್ದೆ ಎನ್ನುತ್ತಾರೆ. ಹೌದು, ಪ್ರೀತಿ. ನನಗೇನು ಕುರುಡೇ? ಆದರೆ ಅಂದು ನಾನು ಕುರ್ಚಿಯ ಮೇಲಿದ್ದ ಕೋಟನ್ನು ನೆಲಕ್ಕೆ ಹಾಕಿ ಕಾಲಿನಿಂದ ಒದ್ದೆ. ಒಂದು ಬಸ್ಸು! ಇಡೀ ಪ್ರಪಂಚದಲ್ಲಿ ಒಂದು ಬಸ್ಸನ್ನು ನನಗೆ ಬಿಟ್ಟುಕೊಡಲಾಗಲಿಲ್ಲ ಇವರಿಗೆ. ಆ ಗಾಜಿನ ಮುಂದೆ ನಿಂತಿದ್ದಾಗಿನ ನನ್ನ ಖುಷಿಯನ್ನು ಬೆನ್ನ ಹಿಂದಿನಿಂದ ಯಾರೋ ಕಾಯುತ್ತಿದ್ದರು. ಅದು ಡ್ಯಾಡಿಯೇ ಆದರೂ, ಕಾವಲು ಕಾವಲೇ. ಮಮ್ಮಿ ಕೋಟನ್ನು ಎತ್ತಿ ಕೊಡವಿ, ಒಗೆದು ವಾಪಸು ಕೊಡಬೇಕು, ಮುಂದಿನ ತಿಂಗಳು ಇನ್ಯಾರೋ ಹೊರಟಿದ್ದಾರೆ ಎಂದರು.

ಅದಾದ ಮುಂದಿನ ಶುಕ್ರವಾರ ಇಗರ್ಜಿಯ ಅಂಗಳದಲ್ಲಿ ಮಮ್ಮಿ ಎಲ್ಲರಿಗೂ ಹೇಳುವುದನ್ನು ಕಿವಿಯಾರೆ ಕೇಳಿದೆ. "ನನ್ನ ಮಗಳು ಇಡೀ ಯುರೋಪು ಒಬ್ಬಳೇ ತಿರುಗಿದ್ಳು ಗೊತ್ತುಂಟಾ? ಒಬ್ಬಳೇ!"

ಎರಡು ಚಳಿಗಾಲ ಕಳೆದು ತಮ್ಮ ಹೊರಟ. ಅದೇ ಇಂಗ್ಲೆಂಡ್, ಫ್ರಾನ್ಸ್, ಇಟಲಿ. ಡ್ಯಾಡಿ ಸೈನ್ ಹಾಕುವಾಗ ಪೆನ್ನನ್ನು ಯಾರೂ ಕಸಿಯಲಿಲ್ಲ. ಮಮ್ಮಿ ಇಗರ್ಜಿಯಲ್ಲಿ ಯಾರನ್ನೂ ಕೇಳಲಿಲ್ಲ. ಕೋಟು ಬೇಡ ಎಂದು ದೇರಾದಲ್ಲಿ ಹೊಸ ಜಾಕೆಟ್ ತೆಗೆದುಕೊಂಡ. ಬ್ಯಾಗಿನಲ್ಲಿ ಅವನ ಬಟ್ಟೆಗಳೇ ಇದ್ದವು, ಒಣಮೀನಿನ ಒಂದು ಚೂರೂ ಇರಲಿಲ್ಲ. ನಾನು ಆಗ ಅಬುಧಾಬಿಯಲ್ಲಿ ಕೆಲಸದಲ್ಲಿದ್ದೆ, ಅಲ್ಲಿಯೂ ಮಮ್ಮಿ ಹುಡುಕಿಕೊಟ್ಟ ನಮ್ಮವರ ಮನೆಯಲ್ಲಿಯೇ ಬಾಡಿಗೆಯ ಕೋಣೆ. ಅವನು ವಾಪಸು ಬರುವ ದಿನ ಮನೆಗೆ ಬಂದಿದ್ದೆ. ಡ್ಯಾಡಿ ಬನಿಯನ್ ಹಾಕಿ ಸೋಫಾದಲ್ಲಿ ಪೇಪರ್ ಓದುತ್ತಿದ್ದರು. ಏರ್‌ಪೋರ್ಟಿಗೆ ಹೋಗುವುದಿಲ್ಲವೇ ಎಂದು ಕೇಳಿದೆ.

"ಯಾಕೆ? ಬರ್ತಾನೆ," ಎಂದರು ಮಮ್ಮಿ.

ಟ್ಯಾಕ್ಸಿಯಲ್ಲಿ ಬಂದ. ಬ್ಯಾಗು ನಡುಮನೆಯಲ್ಲಿ ಎಸೆದ, ಶೂ ಬಿಚ್ಚದೆ ಸೋಫಾದಲ್ಲಿ ಬಿದ್ದ. ಹೇಗಾಯಿತು ಎಂದು ಕೇಳಿದೆ. ನಿಜವಾಗಿ ಕೇಳಿದೆ, ನನಗೆ ಪ್ರತಿಯೊಂದು ನಿಲ್ದಾಣದ ಸುದ್ದಿಯೂ ಬೇಕಿತ್ತು.

"ಇಟ್ ವಾಸ್ ಓಕೆ," ಎಂದ. ಆಮೇಲೆ ಮಮ್ಮಿಯ ಕಡೆ ತಿರುಗಿ ಆಕಳಿಸಿದ. "ಎಲ್ಲಿ ಇಳಿದ್ರೂ ಯಾರೂ ಇಲ್ಲ ಮಾರಾಯ್ರೆ. ಸೋ ಬೋರಿಂಗ್. ಅಲ್ಲೆಲ್ಲ ನಮ್ಮವರು ಯಾರೂ ಇಲ್ವಾ ಮಮ್ಮಿ?"